ಬೆಂಗಳೂರಿನಿಂದ ದೆಹಲಿಗೆ ವಿಮಾನ ಬಿಟ್ಟು ರೈಲಿನಲ್ಲಿ ಹೋದರೆ ನಿಜವಾಗಿ ಉಪಯೋಗ ಇದೆಯಾ?

ನೀವು ಕೇಳಿರುವುದು ಎರಡು ಪ್ರಶ್ನೆ. ದೆಹಲಿಯಲ್ಲಿರುವ ಅಕ್ಕನ ಮನೆಗೆ ವಿಮಾನದ ಬದಲು ರೈಲಿನಲ್ಲಿ ಹೋದರೆ ಇಂಗಾಲ ನಿಜವಾಗಿ ಕಡಿಮೆ ಆಗುತ್ತದಾ? ನಾನೊಬ್ಬ ಬಿಟ್ಟ ಮಾತ್ರಕ್ಕೆ ವಿಮಾನ ಹಾರುವುದು ನಿಲ್ಲುತ್ತದಾ? ಆಫೀಸ್ ಕೆಲಸಕ್ಕೆ ಚೆನ್ನೈ, ಹೈದರಾಬಾದಿಗೂ ಆಗಾಗ ವಿಮಾನದಲ್ಲೇ ಹೋಗುತ್ತೇನೆ ಅಂತ ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಗಾಲ ಖಂಡಿತ ಕಡಿಮೆ ಆಗುತ್ತದೆ. ಎಷ್ಟು ಅಂತ ಒಂದು ಒರಟು ಲೆಕ್ಕ ಹಾಕೋಣ. ವಿಮಾನದ ಇಂಧನ ಒಂದು ಕಿಲೋ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಹಾಗೆ ಹೆಚ್ಚುತ್ತದೆ. ಬೆಂಗಳೂರಿನಿಂದ ದೆಹಲಿಗೆ ಆಕಾಶದಲ್ಲಿ ಸುಮಾರು 1,700 ಕಿಲೋಮೀಟರ್. ಏರ್‌ಬಸ್ 320 ನಿಯೋದಂಥ ವಿಮಾನ ಅಷ್ಟು ದೂರಕ್ಕೆ ಐದು ಟನ್ ಇಂಧನ ಸುಡುತ್ತದೆ ಅಂತ ಇಟ್ಟುಕೊಳ್ಳಿ. ಒಳಗೆ 160 ಜನ ಇದ್ದರೆ ಒಬ್ಬರ ಪಾಲಿಗೆ ಸುಮಾರು 100 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದೂ ಒಂದು ಕಡೆಯ ಪ್ರಯಾಣಕ್ಕೆ.

ರೈಲಿನದು ಪೂರ್ತಿ ಸೊನ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಜಿನ್ ಕರೆಂಟಿನದು, ಹೊಗೆ ಕಾಣುವುದಿಲ್ಲ, ನಿಜ. ಆದರೆ ನಮ್ಮ ದೇಶದ ಕರೆಂಟಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು ದಾಟಿ ಕೃಷ್ಣಾ ಸೇತುವೆಗೆ ಬರುವಾಗ ಶಕ್ತಿನಗರದ ವಿದ್ಯುತ್ ಸ್ಥಾವರ ಹತ್ತಿರದಲ್ಲೇ ಇದೆ. ರೈಲಿನ ಹೊಗೆ ಅಂಥ ಚಿಮಣಿಗಳಲ್ಲಿ ಹೋಗುತ್ತದೆ. ಜೊತೆಗೆ ಹಳಿಯ ದಾರಿ ಸುತ್ತು, ಸುಮಾರು 2,400 ಕಿಲೋಮೀಟರ್. ಇದನ್ನೆಲ್ಲಾ ಸೇರಿಸಿದ ಮೇಲೂ ತುಂಬಿದ ರೈಲಿನ ಸ್ಲೀಪರ್ ಬೋಗಿಯಲ್ಲಿ ಒಬ್ಬರ ಪಾಲು ವಿಮಾನದ ಮೂರನೇ ಒಂದು ಭಾಗದ ಆಸುಪಾಸು, ಅಥವಾ ಅದಕ್ಕಿಂತ ಕಡಿಮೆ. ಇದು ನನ್ನ ಅಂದಾಜು.

ಯಾವ ಬೋಗಿ ಅನ್ನುವುದು ಇಲ್ಲಿ ತುಂಬಾ ಮುಖ್ಯ. ಎಲ್‌ಎಚ್‌ಬಿ ಅನ್ನುವ ಈಗಿನ ಹೊಸ ಮಾದರಿಯ ಸ್ಲೀಪರ್ ಬೋಗಿಯಲ್ಲಿ 80 ಬರ್ತ್. ಥರ್ಡ್ ಎಸಿಯಲ್ಲಿ 72. ಸೆಕೆಂಡ್ ಎಸಿಯಲ್ಲಿ 52. ಫಸ್ಟ್ ಎಸಿಯಲ್ಲಿ ಬರೀ 24. ಇಂಜಿನ್ ಎಳೆಯುವ ಬೋಗಿಯ ತೂಕ ಹೆಚ್ಚುಕಡಿಮೆ ಅಷ್ಟೇ, ಒಳಗಿನ ಜನ ಮಾತ್ರ ಕಡಿಮೆ. ಅದರ ಮೇಲೆ ಎಸಿಯ ಕರೆಂಟು ಬೇರೆ. ಫಸ್ಟ್ ಎಸಿಯಲ್ಲಿ ಹೋಗಿ ಪರಿಸರ ಉಳಿಸಿದೆ ಅಂದುಕೊಂಡರೆ ಉಳಿತಾಯ ಬಹಳ ಉಳಿದಿರುವುದಿಲ್ಲ. ದೆಹಲಿ ದೂರಕ್ಕೆ ನನ್ನ ಆಯ್ಕೆ ಥರ್ಡ್ ಎಸಿ. ಬೇಸಿಗೆಯಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶದ ಮಧ್ಯಾಹ್ನವನ್ನು ಸ್ಲೀಪರ್‌ನಲ್ಲಿ ಕಳೆಯಿರಿ ಅಂತ ನಿಮಗೆ ಹೇಳಲು ಮನಸ್ಸು ಬರುವುದಿಲ್ಲ. ಚಳಿಗಾಲದ ಕೊನೆಯಾದರೆ ಸ್ಲೀಪರ್ ಚೆನ್ನಾಗಿಯೇ ಇರುತ್ತದೆ.

ಮೇಲಿನ ಲೆಕ್ಕದಲ್ಲಿ ಒಂದು ವಿಷಯ ಸೇರಿಲ್ಲ. ವಿಮಾನ ಎತ್ತರದಲ್ಲಿ ಬಿಟ್ಟು ಹೋಗುವ ಬಿಳಿ ಗೆರೆ ನೋಡಿದ್ದೀರಲ್ಲ, ಅದು ಮಂಜುಗಡ್ಡೆಯ ಸಣ್ಣ ಹರಳುಗಳ ಮೋಡ. ಅದು ಭೂಮಿಯ ಶಾಖವನ್ನು ಹೊರಗೆ ಹೋಗದಂತೆ ತಡೆಯುತ್ತದೆ. ಹಾಗಾಗಿ ವಿಮಾನದಿಂದ ಆಗುವ ಬಿಸಿ ಇಂಗಾಲದ ಲೆಕ್ಕಕ್ಕಿಂತ ಜಾಸ್ತಿ. ರೈಲಿಗೆ ಆ ಕಾಟ ಇಲ್ಲ. ಇನ್ನೊಂದು ಸಮಾಧಾನದ ವಿಷಯವೂ ಇದೆ. ಸೋಲಾರ್, ಗಾಳಿ ವಿದ್ಯುತ್ತು ಹೆಚ್ಚಿದಂತೆಲ್ಲಾ ಅದೇ ಹಳಿ, ಅದೇ ಇಂಜಿನ್ ತಾನಾಗಿ ಶುದ್ಧ ಆಗುತ್ತಾ ಹೋಗುತ್ತದೆ. ದೊಡ್ಡ ವಿಮಾನಕ್ಕೆ ಅಂಥ ಸುಲಭದ ದಾರಿ ಸದ್ಯಕ್ಕೆ ಕಾಣುತ್ತಿಲ್ಲ.

ಈಗ ಚೆನ್ನೈ, ಹೈದರಾಬಾದ್. ದಯವಿಟ್ಟು ಬದಲಾವಣೆ ಇಲ್ಲಿಂದ ಶುರು ಮಾಡಿ. ವಿಮಾನ ನೆಲ ಬಿಟ್ಟು ಮೇಲೇರುವಾಗಲೇ ಇಂಧನ ಹೆಚ್ಚು ತಿನ್ನುವುದು. ದೂರ ಕಡಿಮೆ ಆದಷ್ಟೂ ಒಂದೊಂದು ಕಿಲೋಮೀಟರಿಗೆ ಬೀಳುವ ಇಂಗಾಲ ಜಾಸ್ತಿ. ಅಲ್ಲಿ ನಿಮಗೆ ಸಮಯವೂ ಉಳಿಯುವುದಿಲ್ಲ. ಬೆಂಗಳೂರಿನಿಂದ ಚೆನ್ನೈಗೆ ಶತಾಬ್ದಿಯಲ್ಲಿ ಐದು ಗಂಟೆ, ವಂದೇ ಭಾರತ್‌ನಲ್ಲಿ ಅದಕ್ಕೂ ಕಡಿಮೆ. ವಿಮಾನ ಗಾಳಿಯಲ್ಲಿರುವುದು ಒಂದೇ ಗಂಟೆ, ಸರಿ. ಆದರೆ ಜಯನಗರದಿಂದಲೋ ರಾಜಾಜಿನಗರದಿಂದಲೋ ದೇವನಹಳ್ಳಿ ಮುಟ್ಟುವುದು, ಸೆಕ್ಯುರಿಟಿ ಸಾಲು, ಆ ಕಡೆ ಇಳಿದು ಊರೊಳಗೆ ಹೋಗುವುದು ಎಲ್ಲಾ ಸೇರಿಸಿ ನೋಡಿ. ಹೈದರಾಬಾದಿಗೆ ಕಾಚಿಗುಡ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀರಿ. ನಿದ್ದೆಯಲ್ಲಿ ಕಳೆಯುವ ದಾರಿಯನ್ನು ವ್ಯರ್ಥ ಸಮಯ ಅನ್ನಲು ಆಗುತ್ತದಾ? ಬೆಳಗಾವಿ, ಹುಬ್ಬಳ್ಳಿ, ಮಂಗಳೂರಿಗೂ ಇದೇ ಮಾತು. ರೈಲು ಸಿಗದಿದ್ದರೆ ರಾತ್ರಿ ಬಸ್ ಹಿಡಿಯಿರಿ. ತುಂಬಿದ ಬಸ್ಸಿನಲ್ಲಿ ಒಬ್ಬರ ಪಾಲಿನ ಡೀಸೆಲ್ ತುಂಬಾ ಕಡಿಮೆ. ಕಾರಿನಲ್ಲಿ ಒಬ್ಬರೇ ಹೋಗುವುದನ್ನು ಮಾತ್ರ ಪರಿಸರ ಸ್ನೇಹಿ ಅಂತ ಎಣಿಸಬೇಡಿ. ಮಂಗಳೂರಿಗೆ 350 ಕಿಲೋಮೀಟರ್ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋದರೆ ಇಂಗಾಲದ ಡೈಆಕ್ಸೈಡ್ 50 ಕಿಲೋ ದಾಟಬಹುದು. ನಾಲ್ಕು ಜನ ಇದ್ದರೆ ಅದು ಬೇರೆ ಲೆಕ್ಕ.

ಫ್ರಾನ್ಸ್‌ನಲ್ಲಿ 2023ರಲ್ಲಿ ಇದನ್ನು ಕಾನೂನಾಗಿಯೇ ತಂದರು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಕಡೆ ದೇಶದೊಳಗಿನ ವಿಮಾನ ನಿಲ್ಲಿಸಿದರು. ನಿಂತಿದ್ದು ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಿಂದ ಹೋಗುವ ಕೆಲವೇ ಮಾರ್ಗ. ಆದರೂ ರೈಲು ಇರುವ ಕಡೆ ಹಾರಬೇಕಾಗಿಲ್ಲ ಅಂತ ಒಂದು ಸರ್ಕಾರ ಬರೆದು ಹೇಳಿದ್ದು ನನಗೆ ದೊಡ್ಡ ವಿಷಯವಾಗಿ ಕಂಡಿತು.

ನಿಮ್ಮ ಎರಡನೇ ಪ್ರಶ್ನೆ. ನಿಮ್ಮ ಸೀಟು ಖಾಲಿ ಇದ್ದರೂ ಅವತ್ತಿನ ವಿಮಾನ ಹಾರಿಯೇ ಹಾರುತ್ತದೆ. ಆದರೆ ಮುಂದೆ ಎಷ್ಟು ವಿಮಾನ ಬಿಡಬೇಕು ಅಂತ ಕಂಪನಿಯವರು ತೀರ್ಮಾನಿಸುವುದು ಸೀಟು ಎಷ್ಟು ತುಂಬಿತು ಅಂತ ನೋಡಿಯೇ ಅಲ್ವಾ? ಆಫೀಸಿನ ವಿಷಯದಲ್ಲಂತೂ ನೀವು ಒಬ್ಬರೇ ಅಲ್ಲ. ಚೆನ್ನೈಗೆ ರೈಲು ಟಿಕೆಟ್ ಕೊಡಿ ಅಂತ ನೀವು ಕೇಳಿದರೆ ಮುಂದಿನವರಿಗೆ ಕೇಳುವುದು ಸಲೀಸಾಗುತ್ತದೆ. ರೈಲಿನ ಸಮಯವನ್ನೂ ಕೆಲಸದ ಸಮಯ ಅಂತ ಎಣಿಸಿ ಅಂತ ಮ್ಯಾನೇಜರ್ ಹತ್ತಿರ ಮಾತಾಡಿ ನೋಡಿ. ಇಂಥ ಒಂದು ನಿಯಮ ಬದಲಾದರೆ ಒಂದು ಇಡೀ ವಿಭಾಗದ ಪ್ರಯಾಣ ಬದಲಾಗುತ್ತದೆ.

ಇದರಲ್ಲಿ ನನ್ನನ್ನು ಕಾಡುವ ಒಂದು ಆಕ್ಷೇಪ ಇದೆ. ನಮ್ಮ ರೈಲುಗಳು ಈಗಾಗಲೇ ತುಂಬಿ ತುಳುಕುತ್ತಿವೆ. ವಿಮಾನದ ದುಡ್ಡು ಇರುವವರು ಬರ್ತ್ ಹಿಡಿದರೆ, ಬೇರೆ ದಾರಿ ಇಲ್ಲದ ಯಾರೋ ವೇಟಿಂಗ್ ಲಿಸ್ಟಿನಲ್ಲಿ ಉಳಿಯುತ್ತಾರೆ. ಇದು ನಿಜ. ಅದಕ್ಕೇ ದಸರಾ, ದೀಪಾವಳಿ, ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಹೋಗಬೇಡಿ ಅನ್ನುತ್ತೇನೆ. ನಿಮಗೆ ದಿನ ಬದಲಿಸುವ ಅನುಕೂಲ ಇದೆ, ಎಲ್ಲರಿಗೂ ಇರುವುದಿಲ್ಲ. ಉಳಿದಂತೆ ಇದಕ್ಕೆ ಪರಿಹಾರ ಇನ್ನಷ್ಟು ರೈಲು, ಇನ್ನಷ್ಟು ಸ್ಲೀಪರ್ ಮತ್ತು ಜನರಲ್ ಬೋಗಿ. ಅದನ್ನು ಜೋರಾಗಿ ಕೇಳುವವರಲ್ಲಿ ರೈಲು ಹತ್ತುವ ನಾವೂ ಇರಬೇಕು.

ದೆಹಲಿಗೆ ಎರಡು ಮುಖ್ಯ ದಾರಿ ಇದೆ. ರಾಜಧಾನಿ ರಾತ್ರಿ ಎಂಟಕ್ಕೆ ಹೊರಟು ಸಿಕಂದರಾಬಾದ್, ನಾಗಪುರದ ಮೇಲೆ ಮೂರನೇ ದಿನ ಬೆಳಗಿನ ಜಾವ ನಿಜಾಮುದ್ದೀನ್ ಮುಟ್ಟುತ್ತದೆ. ಅಂದರೆ ಎರಡು ರಾತ್ರಿ, ಮಧ್ಯೆ ಒಂದೇ ಹಗಲು. ಕರ್ನಾಟಕ ಎಕ್ಸ್‌ಪ್ರೆಸ್, ಹಳಬರು ಈಗಲೂ ಕೆ.ಕೆ. ಅನ್ನುವ ರೈಲು, ಕಲಬುರಗಿ, ಸೊಲ್ಲಾಪುರ, ದೌಂಡ್, ಮನಮಾಡ್, ಭೋಪಾಲ್ ಮೇಲೆ ಹೋಗುತ್ತದೆ. ಹೆಚ್ಚು ಹೊತ್ತು ಹಿಡಿದರೂ ನನಗೆ ಅದೇ ಇಷ್ಟ. ತುಂಗಭದ್ರಾ, ಕೃಷ್ಣಾ, ಭೀಮಾ, ಗೋದಾವರಿ, ತಾಪಿ, ನರ್ಮದಾ, ಚಂಬಲ್ ಎಲ್ಲವನ್ನೂ ದಾಟುತ್ತದೆ. ಕೆಲವು ರಾತ್ರಿಯಲ್ಲಿ ಕಳೆದುಹೋಗುತ್ತವೆ. ಹಗಲಿನಲ್ಲಿ ಕಿಟಕಿ ಪಕ್ಕ ಕೂತರೆ ಮಣ್ಣಿನ ಬಣ್ಣ, ಬೆಳೆ, ಸ್ಟೇಷನ್ನಿನಲ್ಲಿ ಕೂಗುವ ಭಾಷೆ ಒಂದೊಂದಾಗಿ ಬದಲಾಗುವುದು ಗೊತ್ತಾಗುತ್ತದೆ. ನಮ್ಮ ದೇಶ ಎಷ್ಟು ಅಗಲ ಅನ್ನುವುದು ನನಗೆ ಮನಸ್ಸಿಗೆ ಇಳಿದದ್ದು ಈ ದಾರಿಯಲ್ಲೇ.

ನಿಮಗೆ ರಜೆ ನಾಲ್ಕೇ ದಿನ ಇದ್ದರೆ ಎರಡೂ ಕಡೆ ರೈಲು ಕಷ್ಟ. ಆಗ ಹೋಗುವಾಗ ರೈಲು, ಬರುವಾಗ ವಿಮಾನ ಅಂತ ಮಾಡಿ. ಅಥವಾ ವರ್ಷಕ್ಕೆ ಎರಡು ಸಲ ಹೋಗುವ ಬದಲು ಒಂದೇ ಸಲ ಹೋಗಿ, ಅಕ್ಕನ ಮನೆಯಲ್ಲಿ ಎರಡು ವಾರ ಇದ್ದು ಬನ್ನಿ. ನಾನು ಮಾಡುವುದು ಹೀಗೆ. ನಮ್ಮವರ ಜೊತೆ ಹೆಚ್ಚು ದಿನ ಸಿಗುತ್ತದೆ ಅನ್ನುವುದೇ ನನಗೆ ದೊಡ್ಡ ಲಾಭ. ವಯಸ್ಸಾದ ತಂದೆ ತಾಯಿ ಜೊತೆಗಿದ್ದು, ಮಂಡಿ ನೋವು, ಶೌಚಾಲಯದ ತೊಂದರೆ ಇದ್ದರೆ ಅವರನ್ನು ವಿಮಾನದಲ್ಲೇ ಕರೆದುಕೊಂಡು ಹೋಗಿ. ಅದಕ್ಕೆ ಯಾರೂ ಮುಜುಗರ ಪಡಬೇಕಾಗಿಲ್ಲ.

ಟಿಕೆಟ್ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ಮೊದಲಿನ 120 ದಿನ ಇಲ್ಲ. ತತ್ಕಾಲ್ ನಂಬಿ ದೆಹಲಿ ಪ್ರಯಾಣ ಇಟ್ಟುಕೊಳ್ಳಬೇಡಿ. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ, ಹಣ್ಣು ಮನೆಯಿಂದಲೇ ಇರಲಿ. ಸ್ಟೀಲ್ ಬಾಟಲಿಯಲ್ಲಿ ನೀರು ಜಾಸ್ತಿಯೇ ಇರಲಿ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಕಡೆ ಮಂಜು ಬಿದ್ದು ರೈಲುಗಳು ಗಂಟೆಗಟ್ಟಲೆ ತಡ ಆಗುತ್ತವೆ. ಮೊದಲ ಸಲಕ್ಕೆ ಫೆಬ್ರವರಿ ಕೊನೆಯ ವಾರ ನೋಡಿ, ಮಂಜೂ ಇರುವುದಿಲ್ಲ, ಬಿಸಿಲೂ ಏರಿರುವುದಿಲ್ಲ. ಹಬ್ಬದ ನೂಕುನುಗ್ಗಲಿನಷ್ಟು ಬರ್ತಿಗೆ ಪರದಾಡಬೇಕಾಗಿಯೂ ಇಲ್ಲ.