ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ನಾಲ್ಕು ವರ್ಷದ ಸೊಂಟನೋವು

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾಲ್ಕು ವರ್ಷದಿಂದ ಸೊಂಟನೋವು, ಬೆಳಿಗ್ಗೆ ಬಗ್ಗಿ ಮುಖ ತೊಳೆಯೋಕೂ ಕಷ್ಟ. ಕಾಲಿಗೆ ನೋವು ಇಳಿಯೋದಿಲ್ಲ. ಎಂಆರ್‌ಐನಲ್ಲಿ ‘ಎಲ್‌4–ಎಲ್‌5 ಡಿಸ್ಕ್ ಬಲ್ಜ್’ ಅಂತ ಬಂದಿದೆ. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ಏನೂ ಇಲ್ಲ ಹೋಗಿ ಅಂದರು. ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ಅನ್ನೋ ನೋವಿನ ಮಾತ್ರೆ ತಂದು ದಿನಾ ನುಂಗಿ ಕೆಲಸಕ್ಕೆ ಹೋಗ್ತೀನಿ. ಯಜಮಾನರು ‘ಎಲ್ಲಾ ನಿನ್ನ ಭ್ರಮೆ’ ಅಂತಾರೆ. ಆಪರೇಷನ್ ಮಾಡಿಸಲೇ?
– ಹೆಸರು ಬೇಡ, ಲಗ್ಗೆರೆ

ಉತ್ತರ: ಮೊದಲು ಈ ಪುಟವನ್ನು ನಿಮ್ಮ ಯಜಮಾನರ ಕೈಗೆ ಕೊಡಿ. ಅವರು ಭ್ರಮೆ ಅನ್ನುವುದಕ್ಕೆ ಆಧಾರವಿಲ್ಲ. ಮೂರು ತಿಂಗಳು ದಾಟಿದ ನೋವಿಗೆ ವೈದ್ಯಶಾಸ್ತ್ರದಲ್ಲಿ ಬೇರೆಯೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಇಂಥ ಕೆಲವು ನೋವುಗಳೇ ಸ್ವತಂತ್ರ ಕಾಯಿಲೆಗಳು.

ಶುರುವಿನಲ್ಲಿ ಸ್ನಾಯುವೋ ಡಿಸ್ಕೋ (ಬೆನ್ನುಮೂಳೆಗಳ ನಡುವಿನ ಮೆತ್ತೆ) ನಿಜಕ್ಕೂ ಉಳುಕಿರಬಹುದು. ಅಂಥ ಪೆಟ್ಟು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಯುತ್ತದೆ. ಆದರೆ ನೋವಿನ ಸುದ್ದಿ ಹೊತ್ತೂ ಹೊತ್ತೂ ಬೆನ್ನುಹುರಿಯ ನರಕೋಶಗಳು ಚುರುಕಾಗಿಬಿಡುತ್ತವೆ. ಬೀದಿಯಲ್ಲಿ ಬೆಕ್ಕು ಹಾರಿದರೂ ಬೊಬ್ಬೆ ಹೊಡೆಯುವ ಕಾರಿನ ಅಲಾರಂ ನೋಡಿದ್ದೀರಲ್ಲ, ಹಾಗೆ. ಕಳ್ಳ ಬಂದಿಲ್ಲ, ಆದರೆ ಸದ್ದು ಸುಳ್ಳಲ್ಲ. ಮಿದುಳಿನಿಂದ ಕೆಳಗಿಳಿದು ನೋವನ್ನು ತಗ್ಗಿಸುವ ನರಮಾರ್ಗವೂ ಇದೆ. ನಿದ್ದೆಗೆಟ್ಟರೆ, ಟಾರ್ಗೆಟ್ ಮುಗಿಯುವುದಿಲ್ಲವೆಂಬ ಆತಂಕವಿದ್ದರೆ ಅದು ಸೋಲುತ್ತದೆ. ಸೂಪರ್‌ವೈಸರ್ ಬೈದ ದಿನ ಸೊಂಟ ಜಾಸ್ತಿ ಹಿಡಿಯುವುದಕ್ಕೆ ಕಾರಣ ಇದು.

ಇನ್ನು ಆ ಎಂಆರ್‌ಐ. ಒಂದು ದಿನವೂ ಬೆನ್ನುನೋವು ಅನ್ನದ 40 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧದಷ್ಟು ಜನರಲ್ಲಿ ಡಿಸ್ಕ್ ಬಲ್ಜ್, ಅಂದರೆ ಆ ಮೆತ್ತೆ ಉಬ್ಬಿರುವುದು, ಸಿಗುತ್ತದೆ. ತಲೆಗೂದಲು ನರೆತ ಹಾಗೆ ಬೆನ್ನೂ ನರೆಯುತ್ತದೆ ಅಷ್ಟೆ. ಒಂದು ಕಾಲಿನುದ್ದಕ್ಕೂ ಸೆಳೆತ, ಪಾದ ಎತ್ತಲಾಗದ ನಿಶ್ಶಕ್ತಿ ಇದ್ದು, ಅದು ಸ್ಕ್ಯಾನಿನ ಜಾಗಕ್ಕೇ ಹೊಂದಿದರೆ ಆಪರೇಷನ್ನಿಗೆ ಅರ್ಥವಿದೆ. ಬರೀ ಸೊಂಟನೋವಿಗೆ ಅದರಿಂದ ಸಿಗುವ ಲಾಭ ಕಡಿಮೆ. ನೀವು ಬರೆದಿರುವುದನ್ನು ನೋಡಿದರೆ ನಾನಾದರೆ ಕತ್ತರಿ ಹಿಡಿಯಲು ಹೇಳುವುದಿಲ್ಲ. ಆದರೆ ಮೂತ್ರ ಕಟ್ಟುವುದು ಅಥವಾ ಸೋರುವುದು, ತೊಡೆಸಂದಿ ಮರಗಟ್ಟುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು – ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ದಿನದ ಡೈಕ್ಲೋಫಿನಾಕ್ ಮಾತ್ರ ನನ್ನನ್ನು ಕಂಗೆಡಿಸಿತು. ದನಗಳಿಗೆ ಕೊಟ್ಟ ಇದೇ ಔಷಧ ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಹಾಳುಮಾಡಿ ಸಂತತಿಯನ್ನೇ ಅಳಿಸತೊಡಗಿದ್ದರಿಂದ 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿದರು. ರಾಮನಗರದ ಬೆಟ್ಟದಲ್ಲಿ ಉಳಿದಿರುವ ಹದ್ದುಗಳನ್ನು ಕೇಳಿದರೆ ಗೊತ್ತು! ಮನುಷ್ಯರು ಅಷ್ಟು ಸೂಕ್ಷ್ಮರಲ್ಲ, ನಿಜ. ಆದರೂ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಬಿಪಿ, ಕಿಡ್ನಿಗೆ ತೊಂದರೆ ಆಗಬಹುದು. ಈ ವಾರವೇ ಬಿಪಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ಚಿಕಿತ್ಸೆಯ ಮುಖ್ಯ ಭಾಗ ಚಲನೆ. ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿ ಫಿಸಿಯೋಥೆರಪಿಗೆ ಬರೆಸಿಕೊಳ್ಳಿ. ಶಾಖದ ಮಿಷನ್ ಕೆಳಗೆ ಮಲಗಿಸಿ ಕಳಿಸಿದರೆ ಸಾಲದು, ವ್ಯಾಯಾಮ ಕಲಿಸಿ ಎಂದು ಕೇಳಿ. ಕೆಟ್ಟ ದಿನದಲ್ಲೂ ನಡೆಯಬಲ್ಲಷ್ಟು ದೂರದಿಂದ ಶುರುಮಾಡಿ, ವಾರಕ್ಕೊಮ್ಮೆ ಸ್ವಲ್ಪ ಹೆಚ್ಚಿಸಿ. ಭಾನುವಾರ ಹಾಯೆನಿಸಿತೆಂದು ಮನೆಯ ಬೆಡ್‌ಶೀಟೆಲ್ಲಾ ಒಗೆದು ಸೋಮವಾರ ಮಲಗುವ ನಮ್ಮ ಹೆಂಗಸರ ಚಾಳಿ ಬಿಡಬೇಕು. ಒಂದು ಬಂಡಲ್ ಮುಗಿದಾಗಲೆಲ್ಲ ಎದ್ದು ನಿಲ್ಲಿ.

ಡಾಕ್ಟರು ಡುಲಾಕ್ಸೆಟಿನ್ ಎಂಬ ಔಷಧ ಬರೆದರೆ, ಚೀಟಿಯಲ್ಲಿ ‘ಖಿನ್ನತೆಗೆ’ ಎಂದು ಓದಿ ಬಿಸಾಡಬೇಡಿ. ನಾನು ಹೇಳಿದ ಆ ಇಳಿಯುವ ನರಮಾರ್ಗಕ್ಕೆ ಬಲ ಕೊಡುವುದು ಅದೇ. ಫಲ ಕಾಣಲು ಕೆಲವು ವಾರ ಬೇಕು, ತಟ್ಟನೆ ನಿಲ್ಲಿಸಬಾರದು. ನೋವು ಸೊನ್ನೆಗೆ ಇಳಿಯುತ್ತದೆಂದು ನಾನು ಮಾತು ಕೊಡಲಾರೆ. ಬಗ್ಗಿ ಮುಖ ತೊಳೆಯುವುದು, ರಾತ್ರಿ ನಿದ್ದೆ ಮಾಡುವುದು, ಇವೆರಡನ್ನು ಮೊದಲ ಗುರಿ ಮಾಡಿಕೊಳ್ಳೋಣ.

ಪ್ರಶ್ನೆ: 68 ವರ್ಷ, ಹಳೆಯ ಮಂಡಿನೋವು, ಶುಗರ್ ಇದೆ. ಬಿಸಿನೀರಿನ ಶಾಖವೇ, ಐಸೇ? ವಾಕಿಂಗ್ ಬಿಡಲೇ?
– ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಉತ್ತರ: ಯಾವುದು ಹಿತವೋ ಅದು, ಮೇಷ್ಟ್ರೇ. ಹಳೆಯ ಬಿಗಿತಕ್ಕೆ ಹೆಚ್ಚಿನವರಿಗೆ ಶಾಖವೇ ಹಿತ. ಆದರೆ ಶುಗರ್‌ನಿಂದ ಕಾಲು ಜೋಮು ಹಿಡಿದಿದ್ದರೆ ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುತ್ತೀರಿ. ನೀರನ್ನು ಮನೆಯವರ ಕೈಯಲ್ಲಿ ಮುಟ್ಟಿಸಿ ನೋಡಿ. ವಾಕಿಂಗ್ ಬಿಡಬೇಡಿ, ಸ್ಯಾಂಕಿ ಕೆರೆಯ ಸುತ್ತ ನಿಧಾನಕ್ಕೆ ನಡೆಯಿರಿ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯಿರಿ, ತೊಡೆ ಗಟ್ಟಿಯಾದಷ್ಟೂ ಮಂಡಿಯ ಹೊರೆ ಇಳಿಯುತ್ತದೆ. ಮಂಡಿ ಕೆಂಪಾಗಿ ಊದಿ, ಜ್ವರವೂ ಬಂದರೆ ಶಾಖ, ಐಸು ಎರಡನ್ನೂ ಬಿಟ್ಟು ಆಸ್ಪತ್ರೆಗೆ ಹೊರಡಿ.