ಮದುವೆಗೆ ಮುಂಚೆ ಇನ್ನೊಂದು ದೀಕ್ಷಾಸ್ನಾನ

ನಾನು ಆಪ್ತಸಲಹೆಗಾರ್ತಿ. ಎರಡು ಬೇರೆ ಬೇರೆ ಕ್ರೈಸ್ತ ಸಭೆಗಳ ಜೋಡಿಗಳು ನನ್ನ ಹತ್ತಿರ ಆಗಾಗ ಬರುತ್ತಾರೆ. ಹುಡುಗಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಅಲ್ಲಿ ಕೂಸಿಗೇ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಕೊಡುತ್ತಾರೆ. ಹುಡುಗ ಪೆಂತೆಕೊಸ್ತ್ ಸಭೆಯವನು, ಅಲ್ಲಿ ಅದು ದೊಡ್ಡವರಾದ ಮೇಲೆ ಮಾತ್ರ. ಕೆಲವೊಮ್ಮೆ ಅದಲು ಬದಲು. ಇಬ್ಬರೂ ಕ್ರೈಸ್ತರೇ ಅಲ್ವಾ, ಇನ್ನೇನು ತೊಂದರೆ ಅಂತ ಮನೆಯವರು ಮಾತುಕತೆ ಮುಗಿಸಿರುತ್ತಾರೆ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಆಮೇಲೆ ಹುಡುಗನ ಪಾಸ್ಟರ್ ಹೇಳುತ್ತಾರೆ: "ಹುಡುಗಿ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಳ್ಳಲಿ. ಆಮೇಲೆ ಮದುವೆ."

ಈ ಪ್ರಕರಣದ ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಸುನೀತಾಳದು ಉತ್ತರ ಕರ್ನಾಟಕದ ಹಳೆಯ ಬಾಸೆಲ್ ಮಿಷನ್ ಮನೆತನ. ಆ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದವರು, 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದವರು. ಮನೆಯಲ್ಲಿ ಅದೊಂದು ಹೆಮ್ಮೆ. ಸಂಪತ್‌ನದು ಬೆಂಗಳೂರಿನ ಅಂಚಿನಲ್ಲಿರುವ ಒಂದು ಸಣ್ಣ ಸ್ವತಂತ್ರ ಸಭೆ. ಅವನ ಅಪ್ಪ ಕುಡಿತ ಬಿಟ್ಟಿದ್ದು ಆ ಸಭೆಗೆ ಸೇರಿದ ಮೇಲೆ. ಹದಿನೇಳನೇ ವಯಸ್ಸಿನಲ್ಲಿ ಅವನೂ ಅಲ್ಲಿಯ ತೊಟ್ಟಿಯಲ್ಲಿ ಮುಳುಗಿ ಎದ್ದವನು. ಅವನಿಗೆ ಆ ತೊಟ್ಟಿ ಅಂದರೆ ಮನೆ ಉಳಿದ ಜಾಗ. ಇದನ್ನು ಮರೆತು ಅವನನ್ನು ಹಟಮಾರಿ ಅಂದರೆ ಅನ್ಯಾಯ.

ಮೊದಲ ಸಲ ಸುನೀತಾ ಒಬ್ಬಳೇ ಬಂದಳು. "ಸುಮ್ನೆ ಒಂದ್ಸಲ ಮುಳುಗಿ ಬಂದ್ರೆ ಮುಗೀತಲ್ವಾ ಮೇಡಂ, ಯಾಕೆ ಇಷ್ಟು ರಂಪ ಅಂತ ಫ್ರೆಂಡ್ಸ್ ಹೇಳ್ತಾರೆ" ಅಂದಳು. ಆಮೇಲೆ ಬಹಳ ಹೊತ್ತು ಅತ್ತಳು. ಮುಂದಿನ ಸಲ ಇಬ್ಬರೂ ಬರಲಿ ಅಂದೆ.

ಆ ದಿನ ಅವಳು ತನ್ನ ದೀಕ್ಷಾಸ್ನಾನದ ಸರ್ಟಿಫಿಕೇಟ್ ತಂದಿದ್ದಳು. ಲ್ಯಾಮಿನೇಟ್ ಮಾಡಿಸಿದ್ದು, ಒಂದು ಮೂಲೆ ಬಿಟ್ಟುಕೊಂಡಿತ್ತು. ಅಯ್ಯನವರ, ಅಂದರೆ ಸಭೆಯ ಗುರುಗಳ, ಸಹಿ, ಸಭೆಯ ಮೊಹರು, ಸಾಕ್ಷಿ ಜಾಗದಲ್ಲಿ ಅವಳ ಅಜ್ಜಿಯ ಹೆಸರು. ಆಗ ಅವಳಿಗೆ ಮೂರು ತಿಂಗಳು. ಸಂಪತ್ ಅದನ್ನು ನೋಡಿ, ಕೊಂಕಿಲ್ಲದೆಯೇ, "ಇದು ಅವಳು ತೀರ್ಮಾನ ಮಾಡಿದ್ದಲ್ಲ ಮೇಡಂ. ಬೇರೆಯವರು ಮಾಡಿದ್ದು" ಅಂದ.

ಸುನೀತಾ ಥಟ್ಟನೆ ತಿರುಗಿದಳು. "ಹಾಗಾದ್ರೆ ನಾನು ಇಷ್ಟು ವರ್ಷ ಪ್ರಾರ್ಥನೆ ಮಾಡಿದ್ದು? ಕನ್‌ಫರ್ಮೇಶನ್ ದಿನ ಎಲ್ಲರ ಮುಂದೆ ನಿಂತು ಒಪ್ಪಿಕೊಂಡಿದ್ದು? ಅದೆಲ್ಲ ಲೆಕ್ಕಕ್ಕಿಲ್ವಾ?"

ಅವನ ಹತ್ತಿರ ಉತ್ತರ ಇರಲಿಲ್ಲ. ನಾನು ಅವನನ್ನೇ ಕೇಳಿದೆ: "ಮದುವೆ ನಿಲ್ಲಬಾರದು ಅಂತ ಮಾತ್ರ ಇವಳು ಆ ತೊಟ್ಟಿಗೆ ಇಳಿದ್ರೆ, ಅದನ್ನ ನೀನು ಏನಂತ ಕರೀತೀಯಾ?"

ಯೋಚನೆ ಮಾಡಿದ. ಪ್ರಾಮಾಣಿಕ ಹುಡುಗ. "ಒದ್ದೆ ಆಗಿ ಬರೋದು ಅಷ್ಟೇ" ಅಂದ. ಹೇಳಿದ ಮೇಲೆ ಅವನಿಗೇ ಕೇಳಿಸಿದ ಹಾಗಾಯಿತು. ಸರ್ಟಿಫಿಕೇಟನ್ನು ಅವಳ ಕಡೆ ಮೆಲ್ಲಗೆ ಸರಿಸಿದ.

ನಾನು ಕೊಟ್ಟ ಸಲಹೆ ನಿಂತಿರುವುದು ಈ ಮಾತಿನ ಮೇಲೆಯೇ. ಅವನ ಸಭೆ ಶಿಶು ದೀಕ್ಷಾಸ್ನಾನವನ್ನು ಒಪ್ಪದಿರಲು ಕಾರಣ ಒಂದೇ: ನಂಬಿಕೆಯನ್ನು ಒಬ್ಬರ ಪರವಾಗಿ ಇನ್ನೊಬ್ಬರು ತೀರ್ಮಾನಿಸಲಾಗದು. ಸರಿ, ಆ ವಾದಕ್ಕೆ ತೂಕವಿದೆ. ಆದರೆ ಮದುವೆಯ ಷರತ್ತಾಗಿ ದೀಕ್ಷಾಸ್ನಾನ ಕೊಡಿಸಿದರೆ ಆಗುವುದೂ ಅದೇ ತಾನೆ? ಮೂರು ತಿಂಗಳ ಕೂಸಿನ ಪರವಾಗಿ ಅಜ್ಜಿ ತೀರ್ಮಾನಿಸಿದ್ದು ತಪ್ಪಾದರೆ, ಇಪ್ಪತ್ತಾರರ ಹುಡುಗಿಯ ಪರವಾಗಿ ಪಾಸ್ಟರ್ ತೀರ್ಮಾನಿಸುವುದು ಹೇಗೆ ಸರಿ? ಅಜ್ಜಿ ತೀರ್ಮಾನಿಸಿದ್ದರಲ್ಲಿ ಹೆದರಿಕೆಯಾದರೂ ಇರಲಿಲ್ಲ. ಇಲ್ಲಿ ಛತ್ರದ ಅಡ್ವಾನ್ಸ್, ಊರಿನವರ ಮಾತು, ಮದುವೆ ಮುರಿಯುವ ಭಯ ಎಲ್ಲ ಸೇರಿ ಅವಳನ್ನು ತೊಟ್ಟಿಗೆ ತಳ್ಳುತ್ತಿದ್ದವು.

ಹಾಗಾಗಿ ಸುನೀತಾಗೆ ನೇರವಾಗಿಯೇ ಹೇಳಿದೆ. ಮದುವೆಗಾಗಿ ದೀಕ್ಷಾಸ್ನಾನ ಬೇಡ. ಮದುವೆಯಾಗಿ ಮುಂದೊಂದು ದಿನ ನಿನಗೇ ಬೇಕೆನಿಸಿದರೆ ಅದು ಬೇರೆ ಮಾತು, ಆಗ ಯಾರೂ ತಡೆಯಬಾರದು. ಸಂಪತ್‌ಗೆ ಹೇಳಿದ್ದು: ಇದನ್ನು ಪಾಸ್ಟರ್‌ಗೆ ತಿಳಿಸಬೇಕಾದವನು ನೀನು, ಅವಳಲ್ಲ. ಮದುವೆಯಾಗಿ ಬರುವ ಹುಡುಗಿಯನ್ನು ನಿನ್ನ ಸಭೆಯ ಮುಂದೆ ವಾದಕ್ಕೆ ನಿಲ್ಲಿಸಬೇಡ.

ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ನೀವು ಆಪ್ತಸಲಹೆ ಮಾಡಲಿಲ್ಲ, ವೇದಪಾಠ ಮಾಡಿದ್ರಿ" ಅಂದರು. ಸಲಹೆಗಾರರು ಯಾವ ಪಕ್ಷಕ್ಕೂ ವಾಲಬಾರದು ಎಂಬುದು ಅವರ ಮಾತು. ನಾನು ಒಪ್ಪುವುದಿಲ್ಲ. ಬಂದವರು ದೇವರ ಹೆಸರಿನಲ್ಲಿ ಕಟ್ಟಿದ ಗಂಟು ತಂದಿದ್ದಾರೆ. "ನಿಮಗೇನನಿಸುತ್ತೋ ಹಾಗೆ ಮಾಡಿ" ಅಂದುಬಿಟ್ಟರೆ ನಾನು ಕೈತೊಳೆದುಕೊಂಡ ಹಾಗೆ. ಬಲ ಇರುವ ಕಡೆಯೇ ಗೆಲ್ಲುತ್ತದೆ, ಮತ್ತು ಇಂಥ ವಿಷಯದಲ್ಲಿ ಬಲ ಹೆಚ್ಚಾಗಿ ಗಂಡಿನ ಕಡೆ ಇರುತ್ತದೆ. ಅದಲು ಬದಲಾಗಿ ಬಂದ ಜೋಡಿಗಳಲ್ಲೂ ಸಭೆ ಬಿಟ್ಟವಳು ಹುಡುಗಿಯೇ.

ನನ್ನ ನಂಬಿಕೆಯನ್ನೂ ಮುಚ್ಚಿಡುವುದಿಲ್ಲ. ದೀಕ್ಷಾಸ್ನಾನ ಒಂದೇ ಎಂದು ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ನಾಲ್ಕನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಡೊನಾಟಿಸ್ಟರು ಎಂಬ ಕ್ರೈಸ್ತ ಪಂಗಡದವರು, ರೋಮನ್ ಆಳ್ವಿಕೆಯ ಹಿಂಸೆಗೆ ಹೆದರಿ ಬಗ್ಗಿದ ಗುರುಗಳು ಕೊಟ್ಟ ದೀಕ್ಷಾಸ್ನಾನ ನಡೆಯುವುದಿಲ್ಲ ಎಂದು ಮತ್ತೆ ಕೊಡುತ್ತಿದ್ದರು. ಕೊಡುವವನು ಯಾರೇ ಇರಲಿ, ದೀಕ್ಷಾಸ್ನಾನ ಕ್ರಿಸ್ತನದು ಎಂದು ಅಲ್ಲಿಯದೇ ಬಿಷಪ್ ಅಗಸ್ಟೀನ್ ವಾದಿಸಿದರು. 1982ರಲ್ಲಿ ಜಗತ್ತಿನ ಕ್ರೈಸ್ತ ಸಭೆಗಳ ಒಕ್ಕೂಟದ (ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್) ಲೀಮಾ ದಸ್ತಾವೇಜು ಕೂಡ ಇದನ್ನು ಮತ್ತೆ ಮಾಡುವಂಥದ್ದಲ್ಲ ಎಂದಿತು. ಶಿಶುವಿನದನ್ನೂ ದೊಡ್ಡವರದನ್ನೂ ಅದು ಒಪ್ಪಿತು. ಸಂಪತ್‌ನ ಸಭೆ ಆ ದಸ್ತಾವೇಜಿಗೆ ಕಟ್ಟುಬಿದ್ದಿಲ್ಲ, ನಿಜ. ಅವರ ಪ್ರಕಾರ ಇದು ಎರಡನೆಯದೇ ಅಲ್ಲ, ಮೊದಲನೆಯದು. ಅದಕ್ಕೇ ನಾನು ಅವನ ಮುಂದೆ ಅಗಸ್ಟೀನನ ಹೆಸರೆತ್ತಲಿಲ್ಲ. ಅವನ ಸಭೆಯ ಮಾತನ್ನೇ ಹಿಡಿದು ಕೇಳಿದೆ.

ಇನ್ನು ಹುಡುಗಿಯ ಕಡೆಯವರು. ಸುನೀತಾಳ ಅಪ್ಪ ಫೋನ್ ಮಾಡಿ ನನಗೆ ಥ್ಯಾಂಕ್ಸ್ ಹೇಳಿದರು. ಜತೆಗೆ, "ನಾವು ನಾಲ್ಕು ತಲೆಮಾರಿನ ಕ್ರೈಸ್ತರು. ನಿನ್ನೆ ಮೊನ್ನೆ ಬಂದವರು ನಮಗೆ ಕಲಿಸ್ತಾರಾ? ಅದೂ ಚಪ್ಪಾಳೆ ಸಭೆಯವರು" ಅಂದರು. ಆ "ನಿನ್ನೆ ಮೊನ್ನೆ ಬಂದವರು" ಅನ್ನುವುದರ ಹಿಂದೆ ಏನಿದೆ ಅಂತ ನಮಗೆಲ್ಲ ಗೊತ್ತು. ಸಂಪತ್‌ನದು ದಲಿತ ಕುಟುಂಬ. ಜಾತಿ ಅನ್ನುವ ಪದ ಬಾಯಿಗೆ ಬರಲಿಲ್ಲ, ತಲೆಮಾರಿನ ಲೆಕ್ಕವಾಗಿ ಬಂತು. ದೀಕ್ಷಾಸ್ನಾನ ಹೊಂದಿದವರಲ್ಲಿ ಯೆಹೂದ್ಯ, ಗ್ರೀಕ, ಆಳು, ಒಡೆಯ ಎಂಬ ಭೇದವಿಲ್ಲ ಎಂದು ಗಲಾತ್ಯದವರಿಗೆ ಬರೆದ ಪತ್ರ ಹೇಳುತ್ತದೆ. ತಮ್ಮ ಶಿಶು ದೀಕ್ಷಾಸ್ನಾನವನ್ನು ಇಷ್ಟು ಗಟ್ಟಿಯಾಗಿ ಹಿಡಿದವರಿಗೆ ಅದರ ಈ ಅರ್ಥ ಬೇಡವಾಗಿತ್ತು.

ಅವರಿಗೆ ನಾನು ಇನ್ನೊಂದು ಹಳೆಯ ಕಥೆ ಹೇಳಿದೆ. ಬಾಸೆಲ್ ಇರುವ ಅದೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, 1525ರಲ್ಲಿ, ಕೆಲವರು ದೊಡ್ಡವರಾದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡರು. 1527ರಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ಅಲ್ಲಿಯ ನಗರ ಮಂಡಳಿ ನದಿಯಲ್ಲಿ ಮುಳುಗಿಸಿ ಕೊಂದಿತು. ಅದು ಪ್ರೊಟೆಸ್ಟೆಂಟ್ ಮಂಡಳಿ. ಬಲವಂತ ಒಂದೇ ಕಡೆಯವರ ಚಾಳಿಯಲ್ಲ ಅಂದೆ. ಅವರು ಫೋನ್ ಇಟ್ಟರು.

ಸುನೀತಾಗೂ ಒಂದು ಕೆಲಸ ಹಚ್ಚಿದ್ದೆ. ಅವನ ಸಭೆಗೆ ಒಂದಷ್ಟು ಭಾನುವಾರ ಹೋಗಿ ಕೂರಬೇಕು, ಹೊರಗೆ ಬಂದು ಆ ಪ್ರಾರ್ಥನೆಯ ಗದ್ದಲವನ್ನು ಅಣಕಿಸಬಾರದು. ಅವಳು ಹೋದಳು. ಪಾಸ್ಟರ್ ಮಾತ್ರ ಪಟ್ಟು ಬಿಡಲಿಲ್ಲ. ಮದುವೆ ಅವಳ ಸಭೆಯಲ್ಲೇ ಆಯಿತು. 1872ರ ಕ್ರೈಸ್ತ ವಿವಾಹ ಕಾಯ್ದೆ ದೀಕ್ಷಾಸ್ನಾನ ಯಾವ ರೀತಿಯದು ಅಂತ ಕೇಳುವುದಿಲ್ಲ. ಸಂಪತ್‌ನ ಅಪ್ಪ ಅಮ್ಮ ಬಂದರು, ಅವನ ಸಭೆಯ ಹಿರಿಯರು ಬರಲಿಲ್ಲ. ಅವನಿಗೆ ಅದು ಇವತ್ತಿಗೂ ನೋವು.

ಇಂಥ ಸಂಬಂಧ ನೋಡುತ್ತಿರುವವರು ಛತ್ರ ಹುಡುಕುವ ಮೊದಲೇ ಎರಡೂ ಸಭೆಯ ಗುರುಗಳನ್ನು ಜೋಡಿಯಾಗಿ ಹೋಗಿ ಕಾಣಿ. ದೀಕ್ಷಾಸ್ನಾನದ ಷರತ್ತು ಇದೆಯೇ, ಮದುವೆಯಾದ ಮೇಲೆ ಯಾವ ಸಭೆ, ಮಕ್ಕಳಿಗೆ ಏನು ಅಂತ ಬಾಯಿಬಿಟ್ಟು ಕೇಳಿ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸುನೀತಾ ಈಗ ಬಸುರಿ, ಅಜ್ಜಿ ಆಗಲೇ ಮಗುವಿನ ದೀಕ್ಷಾಸ್ನಾನದ ಬಿಳಿ ಅಂಗಿ ಹೊಲಿಸಿದ್ದಾರೆ. ಸಂಪತ್ ಈಗ ಪ್ರಾರ್ಥನೆ ಮಾಡಿ ಮಗುವನ್ನು ದೇವರಿಗೆ ಸಮರ್ಪಿಸೋಣ, ದೀಕ್ಷಾಸ್ನಾನ ದೊಡ್ಡದಾದ ಮೇಲೆ ಅನ್ನುತ್ತಾನೆ. 1970ರಲ್ಲಿ ಉತ್ತರ ಭಾರತ ಸಭೆ (ಚರ್ಚ್ ಆಫ್ ನಾರ್ತ್ ಇಂಡಿಯಾ) ಹುಟ್ಟಿದಾಗ ದೊಡ್ಡವರಿಗಷ್ಟೇ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರೂ ಶಿಶುಗಳಿಗೂ ಕೊಡುವ ಆಂಗ್ಲಿಕನ್ನರೂ ಒಂದೇ ಸಭೆಯಲ್ಲಿ ಈ ಎರಡೂ ದಾರಿಗಳನ್ನು ಇಟ್ಟುಕೊಂಡೇ ಸೇರಿದರು. ಹಾಗಾಗಿ ಸಮರ್ಪಣೆ ಅವಮಾನವಲ್ಲ ಅಂತ ನಾನು ಸುನೀತಾಗೆ ಹೇಳಲಿದ್ದೇನೆ. ಈ ಸಲ ಅವಳ ಅಪ್ಪ ಥ್ಯಾಂಕ್ಸ್ ಹೇಳಲಿಕ್ಕಿಲ್ಲ.