ಚಿಕ್ಕ ಬಾಡಿಗೆ ಮನೆಯ ಫ್ಯೂಟಾನ್: ಕೂರಲೂ ಕಷ್ಟ, ಮಲಗಲೂ ಕಷ್ಟ, ನೋಡೋಕೂ ಚೆನ್ನಾಗಿಲ್ಲ. ಏನು ಮಾಡಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬೆಂಗಳೂರಿನಲ್ಲಿ ಒಂದು ಬಿಎಚ್‌ಕೆ ಬಾಡಿಗೆ ಮನೆ, ಹಾಲ್‌ನಲ್ಲಿ ಕಬ್ಬಿಣದ ಫ್ರೇಮಿನ ಹಳೇ ಫ್ಯೂಟಾನ್ (ಬಿಚ್ಚಿದರೆ ಹಾಸಿಗೆಯಾಗುವ ಮಡಚುವ ಸೋಫಾ), ಹಗಲು ಸೋಫಾ, ಊರಿಂದ ಯಾರಾದರೂ ಬಂದರೆ ರಾತ್ರಿ ನಿಮ್ಮ ಹಾಸಿಗೆ. ಮಲಗಿದರೆ ಕೆಳಗಿನ ಪಟ್ಟಿ ಬೆನ್ನಿಗೆ ಒತ್ತುತ್ತದೆ, ಕೂತರೆ ಗಾದಿ ಮುಂದಕ್ಕೆ ಜಾರುತ್ತದೆ, ನೋಡಿದರೆ ಹಾಸ್ಟೆಲ್ ರೂಮ್ ಥರ ಕಾಣುತ್ತದೆ. ಹೊಸ ಸೋಫಾ ಕೊಳ್ಳುವ ಯೋಚನೆ ಇಲ್ಲ. ನನ್ನ ಮನೆಯಲ್ಲೂ ಇಂಥದ್ದೇ ಇದೆ, ನಾನಂತೂ ದಿನಾ ಅದರ ಮೇಲೇ ಮಲಗುವುದು.

ಹೆಚ್ಚಿನವರು ಮೇಲಿನಿಂದ ಶುರು ಮಾಡುತ್ತಾರೆ. ಕುಶನ್ ತರುತ್ತಾರೆ, ದಪ್ಪ ಬೆಡ್‌ಶೀಟ್ ಹಾಸುತ್ತಾರೆ, ಆಮೇಲೆ ಆನ್‌ಲೈನ್‌ನಲ್ಲಿ ಮೆಮೊರಿ ಫೋಮ್ ಹುಡುಕುತ್ತಾರೆ. ನೀವು ಕೆಳಗಿನಿಂದ ಶುರು ಮಾಡಿ. ಗಾದಿ ತೆಗೆದು ಬದಿಗಿಡಿ, ಫ್ರೇಮನ್ನು ಮಗುಚಿ ಹಾಕಿ, ಎಲ್ಲ ಬೋಲ್ಟ್‌ಗಳನ್ನು ಬಿಗಿ ಮಾಡಿ. ಕಿರ್ ಕಿರ್ ಅನ್ನುವ ಸದ್ದು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ. ಆಮೇಲೆ ಪಟ್ಟಿಗಳ ನಡುವಿನ ಅಂತರ ಅಳೆಯಿರಿ. 3 ಇಂಚಿಗಿಂತ ಜಾಸ್ತಿ ಇದ್ದರೆ ಎಂಥ ಗಾದಿ ಹಾಕಿದರೂ ಅದು ಸಂದಿಯೊಳಗೆ ಇಳಿಯುತ್ತದೆ, ಪಟ್ಟಿ ಬೆನ್ನಿಗೆ ಸಿಗುತ್ತದೆ.

ಇದಕ್ಕೆ ಪ್ಲೈವುಡ್ ಸಾಕು. ಒಂದೇ ಹಲಗೆ ಹಾಕಿದರೆ ಮಡಿಸಲು ಆಗುವುದಿಲ್ಲ, ಕೂರುವ ಭಾಗಕ್ಕೆ ಒಂದು, ಬೆನ್ನಿನ ಭಾಗಕ್ಕೆ ಒಂದು, ಹೀಗೆ ಎರಡು ತುಂಡು ಬೇಕು. ಎರಡನ್ನೂ ಬೇರೆ ಬೇರೆ ಅಳೆಯಿರಿ, ಬಹಳ ಫ್ರೇಮುಗಳಲ್ಲಿ ಅವು ಒಂದೇ ಅಳತೆ ಇರುವುದಿಲ್ಲ. 6 ಮಿಮೀ ದಪ್ಪ ಸಾಕು, ಕೆಳಗೆ ಪಟ್ಟಿಗಳ ಆಸರೆ ಇದ್ದೇ ಇದೆಯಲ್ಲ. ಇನ್ನೂ ದಪ್ಪ ಹಾಕಿದರೆ ರಾತ್ರಿ ಬಿಚ್ಚಿ ಬೆಳಿಗ್ಗೆ ಎತ್ತುವಾಗ ನಿಮ್ಮ ಸೊಂಟ ಮಾತಾಡುತ್ತದೆ. ಗಾಳಿಯಾಡಲು ಅಲ್ಲಲ್ಲಿ ತೂತು ಹೊಡೆಸಿ, ಕೇಬಲ್ ಟೈ ಹಾಕಿ ಪಟ್ಟಿಗೆ ಕಟ್ಟಿ. ತೂತು ಹೊಡೆಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಗಾದಿಯ ಅಡಿಭಾಗಕ್ಕೆ ಬೂಷ್ಟು ಹಿಡಿಯುತ್ತದೆ.

ಇನ್ನು ಗಾದಿ. ಒಳಗೆ ಬರೀ ಹತ್ತಿ ಇದ್ದರೆ ಅದನ್ನು ಎಸೆಯಬೇಡಿ. ಒದ್ದೆಯಾಗದಿದ್ದರೆ ಹತ್ತಿ ಸುಲಭವಾಗಿ ಕೆಡುವುದಿಲ್ಲ, ಒತ್ತಿಕೊಂಡು ಗಟ್ಟಿಯಾಗುತ್ತದೆ ಅಷ್ಟೇ. ಹಾಸಿಗೆ ಅಂಗಡಿಗೆ ಕೊಟ್ಟು ಹಿಂಜಿಸಿ, ಸ್ವಲ್ಪ ಹೊಸ ಹತ್ತಿ ಸೇರಿಸಿ ತುಂಬಿಸಿ. ದಬ್ಬಣದಲ್ಲಿ ಹಾಕುವ ಹೊಲಿಗೆ ಹತ್ತಿರ ಹತ್ತಿರ ಇರಲಿ ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ, ಯಾಕೆಂದರೆ ಮಡಚುವ ಗಾದಿಯಲ್ಲಿ ಹತ್ತಿ ಸರಿದು ನಡುವೆ ಗುಳಿ ಬೀಳುವುದು ಬೇಗ. ಬೂರುಗದ ಹತ್ತಿ ಹಾಕೋಣ ಅಂದರೆ ಬೇಡ ಅನ್ನಿ. ಅದು ತಲೆದಿಂಬಿಗೆ ಚೆಂದ, ದಿನಾ ಕೂರುವ ಜಾಗಕ್ಕೆ ತಡೆಯುವುದಿಲ್ಲ. ಆಮೇಲೆ ಆಗಾಗ ತಿರುಗಿಸಿ ಹಾಕಬೇಕು, ಬಿಸಿಲಿದ್ದಾಗ ಟೆರೇಸಿಗೆ ಒಯ್ದು ಒಣಗಿಸಿ ಬಡಿಯಬೇಕು. ಜಪಾನಿನಲ್ಲೂ ಮಾಡುವುದು ಅದನ್ನೇ, ಬಾಲ್ಕನಿಗೆ ಹಾಕಿ ಬಡಿಯುತ್ತಾರೆ. ಅಲ್ಲಿನ ಫ್ಯೂಟಾನಿಗೆ ಫ್ರೇಮೇ ಇಲ್ಲ, ರಾತ್ರಿ ತತಾಮಿ ಚಾಪೆಯ ಮೇಲೆ ಹಾಸಿ ಬೆಳಿಗ್ಗೆ ಮಡಚಿ ಕಪಾಟಿಗೆ ಇಡುತ್ತಾರೆ. ನಮ್ಮದು ಸೋಫಾ ಕೆಲಸವನ್ನೂ ಮಾಡಬೇಕು, ಅದಕ್ಕೇ ಈ ಗೋಳು.

ಬರೀ ಹತ್ತಿ ಸಾಲದು ಅನಿಸಿದರೆ ನಡುವೆ 3 ಇಂಚಿನ ಫೋಮ್, ಮೇಲೆ ಕೆಳಗೆ ಹತ್ತಿ, ಇದು ನನ್ನ ಪ್ರಕಾರ ಒಳ್ಳೇ ಜೋಡಿ. ಒಟ್ಟು 6 ಇಂಚು ಇರಲಿ. 8 ದಾಟಿದರೆ ಮಡಚಲು ಒದ್ದಾಡಬೇಕು. ಫೋಮ್ ಅಂಗಡಿಯಲ್ಲಿ 40 ಡೆನ್ಸಿಟಿ ಎಚ್‌ಆರ್ ಫೋಮ್ (ಹೈ ರೆಸಿಲಿಯೆನ್ಸ್, ಅಂದರೆ ಒತ್ತಿ ಬಿಟ್ಟರೆ ಬೇಗ ಮೊದಲಿನಂತಾಗುವ ಫೋಮ್) ಅಂತ ಕೇಳಿ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ ಅಂತ, ಮೃದುವೋ ಗಟ್ಟಿಯೋ ಅನ್ನುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಇದು ಗೊತ್ತಿದ್ದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. 72×48 ಇಂಚಿನ, 3 ಇಂಚು ದಪ್ಪದ ಶೀಟ್ ಹೆಚ್ಚುಕಮ್ಮಿ 7 ಕೆಜಿ ತೂಗಬೇಕು. ತಕ್ಕಡಿಯಲ್ಲಿಟ್ಟಾಗ 4–5 ಕೆಜಿ ಬಂದರೆ ನಿಮಗೆ ಕೊಡುತ್ತಿರುವುದು 40 ಅಲ್ಲ. ಚೂರು ಫೋಮ್ ಅಂಟಿಸಿ ಮಾಡಿದ ರೀಬಾಂಡೆಡ್ ಶೀಟ್ ಅಗ್ಗ, ಆದರೆ ಗಟ್ಟಿ, ಸರಿಯಾಗಿ ಬಾಗುವುದೂ ಇಲ್ಲ, ಮಡಚುವ ಗಾದಿಗೆ ನನಗಂತೂ ಇಷ್ಟವಿಲ್ಲ.

ಮೆಮೊರಿ ಫೋಮ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ಮೈ ಬಿಸಿಗೆ ಮೆತ್ತಗಾಗುವ ವಸ್ತು, ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಏಪ್ರಿಲ್‌ನಲ್ಲಿ ಎಸಿ ಇಲ್ಲದ ಹಾಲ್‌ನಲ್ಲಿ ಅದರ ಮೇಲೆ ಮಲಗಿ ನೋಡಿ, ಗೊತ್ತಾಗುತ್ತದೆ. ಮಡಿಕೆಯ ಗೆರೆ ಬೆನ್ನಿಗೆ ಸಿಗುತ್ತಿದ್ದರೆ 2 ಇಂಚಿನ ಲ್ಯಾಟೆಕ್ಸ್ ಟಾಪರ್, ಅಂದರೆ ಗಾದಿಯ ಮೇಲೆ ಹಾಸುವ ತೆಳು ರಬ್ಬರ್ ಹಾಸು, ತೆಗೆದುಕೊಳ್ಳಿ. ಅದನ್ನು ಗಾದಿಯ ಜೊತೆ ಮಡಚಬಾರದು, ಬೆಳಿಗ್ಗೆ ಸುರುಳಿ ಸುತ್ತಿ ಬೀರು ಮೇಲೆ ಇಟ್ಟರಾಯಿತು.

ಜಾರುವುದಕ್ಕೆ ಪರಿಹಾರ ಸುಲಭ. ಹಳೇ ಯೋಗ ಮ್ಯಾಟ್ ಇದ್ದರೆ ಕತ್ತರಿಸಿ ಪ್ಲೈವುಡ್ ಮತ್ತು ಗಾದಿ ನಡುವೆ ಇಡಿ. ಇಲ್ಲದಿದ್ದರೆ ಕಿಚನ್ ಡ್ರಾಯರ್‌ಗೆ ಹಾಕುವ ಜಾಳಿಗೆ ಥರದ ರಬ್ಬರ್ ಮ್ಯಾಟ್ ಆದೀತು.

ಕೂರುವಾಗಿನ ಕಷ್ಟ ಬೇರೆಯೇ. ಫ್ಯೂಟಾನಿನ ಸೀಟು ಸಾಮಾನ್ಯ ಸೋಫಾಗಿಂತ ಒಳಕ್ಕೆ ಜಾಸ್ತಿ ಇರುತ್ತದೆ, ಹಿಂದಕ್ಕೆ ಒರಗಿದರೆ ಕುಳ್ಳಗಿರುವವರ ಕಾಲು ನೆಲಕ್ಕೇ ತಾಗುವುದಿಲ್ಲ. ನಿಮ್ಮ ಅಮ್ಮ ಬಂದಾಗ ತುದಿಯಲ್ಲಿ ಕೂರುತ್ತಾರೆ ಅಂದಿದ್ದೀರಲ್ಲ, ಕಾರಣ ಇದೇ ಇರಬೇಕು. ಬೆನ್ನಿಗೆ ಎರಡು ದೊಡ್ಡ ಲೋಡು ಇಟ್ಟುಬಿಡಿ. ಲೋಡಿನ ಒಳಗೆ ಏನನ್ನೂ ಹೊಸದಾಗಿ ತುಂಬಬೇಕಾಗಿಲ್ಲ. ರಾತ್ರಿ ಹೊದೆಯುವ ರಜಾಯಿ, ಕಂಬಳಿಗಳನ್ನೇ ಬಿಗಿಯಾಗಿ ಸುತ್ತಿ ಜಿಪ್ ಇರುವ ಲೋಡಿನ ಕವರಿಗೆ ತುರುಕಿ. ಚಿಕ್ಕ ಮನೆಯಲ್ಲಿ ಹೊದಿಕೆ ಎಲ್ಲಿಡುವುದು ಅನ್ನುವ ಚಿಂತೆಯೂ ಹೋಯಿತು.

ಈಗ ಅಂದ. ನಿಜ ಹೇಳಬೇಕೆಂದರೆ ಹಾಸ್ಟೆಲ್ ಕಳೆ ಬರುವುದು ಬೆಡ್‌ಶೀಟಿನಿಂದ. ಎಷ್ಟು ದುಬಾರಿಯದು ಹಾಸಿದರೂ ಸಂಜೆಗೆ ಮುದ್ದೆಯಾಗಿರುತ್ತದೆ. ಗಾದಿಯ ಅಳತೆಗೆ ಸರಿಯಾಗಿ ಜಿಪ್ ಇರುವ ಕವರ್ ಹೊಲಿಸಿ. 72×48×6 ಅಳತೆಗೆ, 54 ಇಂಚು ಅಗಲದ ದಪ್ಪ ಕಾಟನ್ ಬಟ್ಟೆ ಸುಮಾರು 5 ಮೀಟರ್ ಬೇಕು. ಹೊಲಿಸುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಗಾದಿಗೆ ಏರುವುದಿಲ್ಲ. ಜಿಪ್ ಉದ್ದದ ಬದಿ ಪೂರ್ತಿ ಬಂದು ಎರಡು ಮೂಲೆ ಸುತ್ತಿ ಸ್ವಲ್ಪ ಒಳಗೂ ಹೋಗಬೇಕು. ಬರೀ ಅಗಲದ ಬದಿಗೆ ಇಡಿಸಿದರೆ ಗಾದಿ ತೂರಿಸಲು ಇಬ್ಬರು ಬೇಕು.

ಕವರಿಗೆ ಒಂದೇ ಬಣ್ಣ ಇರಲಿ, ಕಡು ನೀಲಿಯೋ ಇಟ್ಟಿಗೆ ಕೆಂಪೋ, ಕಾಫಿ ಕಲೆ ಕಾಣದಂಥದ್ದು. ಬಣ್ಣದ ಆಟ ಎಲ್ಲ ಚಿಕ್ಕ ದಿಂಬುಗಳಲ್ಲಿ. ಗುಳೇದಗುಡ್ಡದ ಖಣ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕುಪ್ಪಸದ ಬಟ್ಟೆ ಆದ್ದರಿಂದ ಅಗಲ ಕಡಿಮೆ, ದಿಂಬಿಗೆ ಅಷ್ಟು ಸಾಕು. ಆದರೆ ಗಾದಿ ಕವರಿಗೆ ಖಣ ಬೇಡ, ನಾಜೂಕು. ಉತ್ತರ ಕರ್ನಾಟಕದ ಕಡೆ ನೆಂಟರಿದ್ದರೆ ಒಂದು ಕೌದಿ ಕೇಳಿ ನೋಡಿ. ಹಳೇ ಸೀರೆಗಳ ತುಂಡು ಸೇರಿಸಿ ಕೈಯಲ್ಲೇ ಹೊಲಿದದ್ದು, ಫ್ಯೂಟಾನಿನ ಬೆನ್ನ ಮೇಲೆ ಇಳಿಬಿಟ್ಟರೆ ಇಡೀ ಹಾಲ್ ಬೇರೆ ಥರ ಕಾಣುತ್ತದೆ. ಕೆಳಗೆ ನವಲಗುಂದದ ಜಮಖಾನೆ ಹಾಸಿದರೆ ಇನ್ನೂ ಚೆಂದ, ಆದರೆ ಅದಕ್ಕೆ ದುಡ್ಡು ಬೇಕು, ಅವಸರವಿಲ್ಲ. ಟ್ಯೂಬ್‌ಲೈಟ್ ಆರಿಸಿ ಪಕ್ಕದಲ್ಲಿ ಹಳದಿ ಬೆಳಕಿನ ಒಂದು ದೀಪ ಇಡಿ. ಓನರ್ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ ಅಂದಿರಲ್ಲ, ನೆಲದ ಮೇಲೆ ನಿಲ್ಲುವ ದೀಪ ಆದೀತು.

ಖರ್ಚಿನ ಲೆಕ್ಕದಲ್ಲಿ ಈ ತಿಂಗಳು ಪ್ಲೈವುಡ್, ಗಾದಿ ಹಿಂಜಿಸುವುದು, ಇಷ್ಟು ಮಾಡಿ. ಕವರಿನ ಅಳತೆ ಗಾದಿ ವಾಪಸ್ ಬಂದ ಮೇಲೇ ಕೊಡಿ, ಹೊಸ ಹತ್ತಿ ಸೇರಿ ದಪ್ಪ ಬದಲಾಗಿರುತ್ತದೆ. ನಿಮ್ಮ ಫ್ರೇಮ್ ಎರಡು ಮಡಿಕೆಯದೋ ಮೂರು ಮಡಿಕೆಯದೋ ನೀವು ಬರೆದಿಲ್ಲ. ಮೂರಾದರೆ ಪ್ಲೈವುಡ್ ಕೂಡ ಮೂರು ತುಂಡಾಗಬೇಕು, ಗಾದಿ 5 ಇಂಚಿಗಿಂತ ದಪ್ಪ ಬೇಡ. ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.